ಅಂಜನಪ್ಪನ ಎಡಗೈ

ಈಗ ಸಾಗರದ ಪೇಟೆಯಲ್ಲಿ ಉಗುರಿನ ಬಣ್ಣ ಕೇಳಿದರೆ ಅಂಗಡಿಯವನು ನೂರು ಸೀಸೆಗಳನ್ನು ಮುಂದೆ ಹರಡಿ "ಯಾವುದು ಬೇಕು?" ಎನ್ನುತ್ತಾನೆ. ಸಾವಿರದ ಒಂಬೈನೂರ ಅರವತ್ತೇಳರ ಫೆಬ್ರವರಿಯಲ್ಲಿ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಸೀಸೆ. ಅದೂ ಮುಕ್ಕಾಲು. ಆ ಮುಕ್ಕಾಲು ಸೀಸೆಯಿಂದ ಒಂದು ಸಂಸಾರ, ಒಂದು ಮತಗಟ್ಟೆ ಮತ್ತು ಒಬ್ಬ ಸಜ್ಜನ ಅಧಿಕಾರಿಯ ರಕ್ತದೊತ್ತಡ ಮೂರೂ ಏರುಪೇರಾದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ನಾನಾಗ ಸಾಗರದಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ನಾವಿದ್ದ ವಠಾರದಲ್ಲಿ ಹಂಚಿನ ಆರು ಮನೆಗಳು, ಆರಕ್ಕೂ ಸೇರಿ ಒಂದು ಉದ್ದದ ಜಗಲಿ. ಪಕ್ಕದ ಮನೆಯಲ್ಲಿ ಅಂಜನಪ್ಪ, ಅವನ ಹೆಂಡತಿ ಮಹಾಲಕ್ಷ್ಮೀ, ತಾಯಿ ವರದಮ್ಮ. ಅಂಜನಪ್ಪ ಸರ್ಕಾರಿ ಗುಮಾಸ್ತ. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಎದ್ದ ಕಾಲದಲ್ಲಿ ಎರಡು ವರ್ಷ ಬಣ್ಣದ ಡಬ್ಬಿಗಳ ಉಗ್ರಾಣ ನೋಡಿಕೊಂಡಿದ್ದ. ಡಬ್ಬಿ ಬಂದಾಗ ಬರೆದುಕೊಳ್ಳುವುದು, ಡಬ್ಬಿ ಹೋದಾಗ ಬರೆದುಕೊಳ್ಳುವುದು, ಇಷ್ಟೇ ಕೆಲಸ. ಒಂದು ದಿನವೂ ಕುಂಚ ಹಿಡಿದವನಲ್ಲ. ಆದರೆ ಆ ಎರಡು ವರ್ಷದಲ್ಲಿ, ಭೂಮಿಯ ಮೇಲಿನ ಸಕಲ ಬಣ್ಣಗಳ ವಿಷಯದಲ್ಲೂ ತನ್ನದೇ ಕೊನೆಯ ಮಾತು ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು. ಬೀದಿಯಲ್ಲಿ ಯಾರಾದರೂ ಕಿಟಕಿಗೆ ಬಣ್ಣ ಬಳಿಸುತ್ತಿದ್ದರೆ ನಿಂತು, "ಪ್ರೈಮರ್ ಹಾಕಿದ್ರಾ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಸೀಸೆ ಬಂದದ್ದು ಜೋಗದಿಂದ. ಮಹಾಲಕ್ಷ್ಮಿಯ ಬಾಲ್ಯದ ಗೆಳತಿ ಶರಾವತಿ ಅಲ್ಲಿನ ಪವರ್ ಹೌಸ್ ಕ್ವಾರ್ಟರ್ಸಿನಲ್ಲಿದ್ದಳು. ಒಂದು ದಿನ ಸಾಗರಕ್ಕೆ ಬಂದವಳು, ಬೊಂಬಾಯಿಯಿಂದ ತರಿಸಿದ್ದು ಎಂದು ಹತ್ತೂ ಕೆಂಪು ಉಗುರುಗಳನ್ನು ತೋರಿಸಿ, ಹೊರಡುವಾಗ ಸೀಸೆಯನ್ನು ಗೆಳತಿಗೇ ಕೊಟ್ಟು ಹೋದಳು. ಇನ್ನು ಹತ್ತು ದಿನಕ್ಕೆ ತೀರ್ಥಹಳ್ಳಿಯಲ್ಲಿ ಮಹಾಲಕ್ಷ್ಮಿಯ ಚಿಕ್ಕಪ್ಪ ಮಂಜುನಾಥಪ್ಪನವರ ಮಗಳ ಮದುವೆ. ಆ ಮದುವೆಗೆ ಕೆಂಪು ಉಗುರಿನಲ್ಲಿ ಹೋಗಬೇಕೆಂದು ಅವಳು ನಿಶ್ಚಯ ಮಾಡಿದಳು.

ಬಣ್ಣ ಮಾತ್ರ ನಿಶ್ಚಯ ಮಾಡಲಿಲ್ಲ. ಮೊದಲ ದಿನ ಹಚ್ಚಿಕೊಂಡಳು. ಒಣಗುವ ಮೊದಲೇ ಒಲೆ ಮೇಲಿನ ಹಾಲು ಉಕ್ಕಿ, ಇಳಿಸಲು ಹೋಗಿ ಬಟ್ಟೆಗೆಲ್ಲ ಮೆತ್ತಿತು. ಎರಡನೇ ದಿನ ಉಗುರ ತುಂಬ ಸಾಸಿವೆಯಂಥ ಗುಳ್ಳೆಗಳು ಎದ್ದವು. ಮೂರನೇ ದಿನ ಚೆನ್ನಾಗಿಯೇ ಬಂತು, ಸಂಜೆ ಪಾತ್ರೆ ತೊಳೆಯುವಾಗ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ನೀರಿನಲ್ಲಿ ತೇಲಿ ಹೋಯಿತು.

"ಮದರಂಗಿ ಹಚ್ಕಂಡಿದ್ರೆ ಹದಿನೈದು ದಿನ ಇರ್ತಿತ್ತು," ಎಂದರು ವರದಮ್ಮ, ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತ.

ಅಂಜನಪ್ಪ ಕನ್ನಡಕ ಏರಿಸಿಕೊಂಡು ಹೆಂಡತಿಯ ಕೈಯನ್ನು ಬೆಳಕಿಗೆ ಹಿಡಿದು ನೋಡಿದ.

"ಸರ್ಫೇಸ್ ಸರಿ ಇಲ್ಲ," ಎಂದ. "ಅಣೆಕಟ್ಟೆ ಬಾಗಿಲಿಗೆ ಹಿಂಗೆ ಹಚ್ಚಿದ್ರೆ ಇಷ್ಟೊತ್ತಿಗೆ ಅರ್ಧ ಊರು ನೀರಲ್ಲಿರ್ತಿತ್ತು. ಮೊದ್ಲು ಉಜ್ಜಬೇಕು. ಆಮೇಲೆ ಪ್ರೈಮರ್. ಆಮೇಲೆ ಮೂರು ಕೋಟು."

"ಉಜ್ಜೋದು ಅಂದ್ರೆ ಎಂತದ್ರಲ್ಲಿ?" ಎಂದಳು ಮಹಾಲಕ್ಷ್ಮೀ ಅನುಮಾನದಿಂದ.

"ಉಪ್ಪುಕಾಗದ."

ಅವಳು ಕೈ ಎಳೆದುಕೊಂಡಳು. "ನನ್ನ ಉಗುರು ಬಾಗಿಲಲ್ಲ. ಬೇಕಾದ್ರೆ ನಿಮ್ಮ ಕೈಗೆ ಹಚ್ಕಂಡು ನೋಡ್ಕಳಿ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಸರ್ಕಾರಿ ನೌಕರನಾದ ಅಂಜನಪ್ಪನಿಗೆ ಅದು ಲಿಖಿತ ಆದೇಶದಷ್ಟೇ ಸ್ಪಷ್ಟವಾಗಿ ಕೇಳಿಸಿತು. ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಕಿ, ಎಡಗೈಯನ್ನು ಮಣೆಯ ಮೇಲಿಟ್ಟು, ಐದು ಬೆರಳಿಗೆ ಐದು ವಿಧಾನದಲ್ಲಿ ಬಣ್ಣ ಹಚ್ಚಿದ. ಹೆಬ್ಬೆರಳಿಗೆ ಸೀಸೆಯನ್ನು ಗಟ್ಟಿಯಾಗಿ ಕುಲುಕಿ ಹಚ್ಚಿದ್ದು. ಅದು ಗುಳ್ಳೆ ಎದ್ದಿತು. ನಡುಬೆರಳಿಗೆ ಒಂದೇ ಸಲ ದಪ್ಪಗೆ ಬಳಿದದ್ದು. ಅದು ಹಾಲಿನ ಕೆನೆಯಂತೆ ಸುಕ್ಕಾಯಿತು. ಉಂಗುರದ ಬೆರಳಿಗೆ ಕೊಬ್ಬರಿ ಎಣ್ಣೆಯ ಪ್ರೈಮರ್. ಅದು ಕೂತ ಜಾಗದಿಂದ ಜಾರಿ ಚರ್ಮದ ಮೇಲೆ ನಿಂತಿತು. ಕಿರುಬೆರಳಿಗೆ ಉಪ್ಪುಕಾಗದ, ಅದು ತುಕ್ಕು ಹಿಡಿದ ತಗಡಿನಂತೆ ಮಂಕಾಯಿತು. ತೋರುಬೆರಳಿಗೆ ಮಾತ್ರ ಏನು ಮಾಡಿದ ಎಂದು ಅವನಿಗೇ ನೆನಪಿಲ್ಲ. ಅದು ಮಾಣಿಕ್ಯದಂತೆ ಹೊಳೆಯಿತು.

ಸಂಜೆ ಅಳಿಸಲು ಕೂತ. ಅಳಿಯಲಿಲ್ಲ. ನೀರಿಗೆ ಈರುಳ್ಳಿ ಸಿಪ್ಪೆಯಂತೆ ಎದ್ದು ಹೋಗಿದ್ದ ಅದೇ ಬಣ್ಣ ಅವನ ಉಗುರನ್ನು ಕಚ್ಚಿ ಹಿಡಿದಿತ್ತು. ಹುಣಸೆಹಣ್ಣು, ನಿಂಬೆಹುಳಿ, ಸೀಗೆಪುಡಿ, ಸೀಮೆಎಣ್ಣೆ ಎಲ್ಲ ಆಯಿತು. ಟರ್ಪೆಂಟೈನ್ ತಂದು ಅರ್ಧ ಗಂಟೆ ಅದ್ದಿಕೊಂಡು ಕೂತ. ವಠಾರವೆಲ್ಲ ನಾರಿತೇ ಹೊರತು ಬಣ್ಣ ಜಗ್ಗಲಿಲ್ಲ. ಅಳಿಸಲಿಕ್ಕೆಂದೇ ಬೇರೆ ಒಂದು ದ್ರಾವಣವಿದೆ ಎಂದು ಶರಾವತಿ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ.

"ಗಂಡ್ಸು ಜನ್ಮ," ಎಂದರು ವರದಮ್ಮ. ಅಷ್ಟೇ ಹೇಳಿ ಒಳಗೆ ಹೋದರು.

ನಾನು ಸಮಾಧಾನ ಹೇಳಿದೆ. "ಇರ್ಲಿ ಬಿಡು ಮಾರಾಯ, ಎಡಗೈ ಅಲ್ವಾ? ಯಾರು ನೋಡ್ತಾರೆ?"

ಮರುದಿನ ಕಚೇರಿಯಿಂದ ಆದೇಶ ಬಂತು. ಚುನಾವಣೆಗೆ ನನ್ನನ್ನೂ ಅವನನ್ನೂ ಒಂದೇ ಮತಗಟ್ಟೆಗೆ ಹಾಕಿದ್ದರು. ನನ್ನ ಕೆಲಸ ಪಟ್ಟಿಯಲ್ಲಿ ಹೆಸರು ಹುಡುಕುವುದು. ಅವನ ಕೆಲಸ ಪ್ರತಿಯೊಬ್ಬ ಮತದಾರನ ಎಡಗೈ ಹಿಡಿದುಕೊಂಡು ತೋರುಬೆರಳಿಗೆ ಶಾಯಿ ಹಚ್ಚುವುದು.

ನಮ್ಮ ಮತಗಟ್ಟೆ ಇದ್ದದ್ದು ಬ್ಯಾಕೋಡಿನ ಆಚೆ, ಹಿನ್ನೀರು ದಾಟಿ ಹೋಗಬೇಕಾದ ಒಂದು ಹಳ್ಳಿಯಲ್ಲಿ. ಅಣೆಕಟ್ಟೆಯ ನೀರು ನಿಂತು ಮೂರು ವರ್ಷವಾಗಿತ್ತಷ್ಟೆ. ದೋಣಿಯಲ್ಲಿ ಕೂತಾಗ ಪಕ್ಕದಲ್ಲೇ ಒಣಗಿದ ಮರಗಳ ತುದಿಗಳು ನೀರಿನಿಂದ ಮೇಲೆದ್ದು ನಿಂತಿದ್ದವು. ಅಂಜನಪ್ಪ ಎಡಗೈಗೆ ಮಣಿಕಟ್ಟಿನವರೆಗೂ ಬಿಳಿ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದ. ಜೇಬಿನಲ್ಲಿ ಸೀಸೆಯೂ ಇತ್ತು.

"ಇದ್ಯಾಕೆ ತಂದ್ಯೋ?" ಎಂದೆ.

"ತೋರುಬೆರಳಿಗೆ ಎಂತ ಮಾಡಿದ್ದೆ ಅಂತ ನೆನಪಾದ್ರೆ ಅಲ್ಲೇ ಪರೀಕ್ಷೆ ಮಾಡ್ಬೋದಲ್ಲ. ಮದುವೆಗೆ ಇನ್ನು ಮೂರೇ ದಿನ. ಅವಳಿಗೆ ಮಾತು ಕೊಟ್ಟಿದ್ದೀನಿ, ಮೇಷ್ಟ್ರೇ."

ನಮ್ಮ ಮೇಲಧಿಕಾರಿ ಉಮಾಮಹೇಶ್ವರ ಹೆಗಡೆಯವರು, ಹೊಸನಗರದ ಕಡೆಯ ಹೈಸ್ಕೂಲೊಂದರ ಹೆಡ್ಮಾಸ್ಟರು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು. ಆ ಹದಿನಾಲ್ಕು ತಿಂಗಳನ್ನು ಯಾವ ಕಲೆಯೂ ಇಲ್ಲದೆ ದಾಟಿಸಬೇಕು ಎಂಬುದೊಂದೇ ಅವರ ಬಯಕೆ. ನಿಯಮದ ಪುಸ್ತಕವನ್ನು ಎದೆಗೊತ್ತಿಕೊಂಡೇ ದೋಣಿ ಹತ್ತಿದ್ದರು. "ಕೈಗೆ ಏನಾಯಿತು?" ಎಂದು ಕೇಳಿದ್ದಕ್ಕೆ ಅಂಜನಪ್ಪ "ಸುಟ್ಕಂಡೆ ಸಾರ್" ಎಂದ.

ಮತದಾನದ ದಿನ ಬೆಳಿಗ್ಗೆ ಎಂಟಕ್ಕೆ ಶಾಲೆಯ ಕೊಠಡಿಯಲ್ಲಿ ಕೆಲಸ ಶುರುವಾಯಿತು. ಗಂಡಸರು ಬಂದರು, ಶಾಯಿ ಹಚ್ಚಿಸಿಕೊಂಡು ಹೋದರು. ಹನ್ನೊಂದಾದರೂ ಒಬ್ಬ ಹೆಂಗಸೂ ಬರಲಿಲ್ಲ. ಕೊಠಡಿಯ ಮೂಲೆಯಲ್ಲಿ ಇಬ್ಬರು ಏಜೆಂಟರು ಕೂತಿದ್ದರು. ಒಂದನೇ ನಂಬರಿನ ಅಭ್ಯರ್ಥಿಯ ಕಡೆಯವರು ರಾಮಚಂದ್ರಪ್ಪ. ಎರಡನೇ ನಂಬರಿನವರ ಕಡೆಯವರು ನಾಗರಾಜಪ್ಪ. ಹೆಂಗಸರು ಯಾಕೆ ಬರುತ್ತಿಲ್ಲ ಎಂದು ಹೆಗಡೆಯವರು ಕೇಳಿದರೆ ಇಬ್ಬರೂ ಒಂದೇ ಸಲ ತಲೆಯೆತ್ತಿ ಸೂರು ನೋಡಿದರು.

"ಅವ್ರು ಬರಲ್ಲ ಸಾರ್," ಎಂದರು ಕೊನೆಗೆ ರಾಮಚಂದ್ರಪ್ಪ. "ವೋಟು ಹಾಕಿದ್ರೆ ನೀರು ಹಿಂದೆ ಹೋಗ್ತದಾ ಅಂತ ಕೇಳ್ತಾರೆ."

ಈ ಹೊತ್ತಿಗೆ ಅಂಜನಪ್ಪನ ಬಿಳಿ ಪಟ್ಟಿಗೆ ಶಾಯಿ ತಾಗಿ ತಾಗಿ ಅದು ಚಿರತೆಯ ಚರ್ಮವಾಗಿತ್ತು. ನಾಗರಾಜಪ್ಪನವರು ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದವರು ಎದ್ದು ನಿಂತರು.

"ಅಧ್ಯಕ್ಷಾಧಿಕಾರಿಗಳೇ, ಆ ಪಟ್ಟಿ ಒಳಗೆ ಎಂತದೋ ಇದೆ. ಬಿಚ್ಚಿ ತೋರಿಸ್ಲಿ. ನನ್ನ ಆಕ್ಷೇಪಣೆ ಬರಕಳಿ."

ಹೆಗಡೆಯವರ ಮುಖ ಬಾಡಿತು. ಆಕ್ಷೇಪಣೆ ಎಂಬ ಶಬ್ದ ಅವರ ಹದಿನಾಲ್ಕು ತಿಂಗಳ ಮೇಲೆ ಬಿದ್ದ ಮೊದಲ ಹನಿ. "ಬಿಚ್ಚಪ್ಪ," ಎಂದರು ಮೆಲ್ಲಗೆ.

ಅಂಜನಪ್ಪ ನನ್ನ ಮುಖ ನೋಡಿದ. ನಾನು ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕತೊಡಗಿದೆ. ಅವನು ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿ ಎಡಗೈಯನ್ನು ಮೇಜಿನ ಮೇಲಿಟ್ಟ. ಐದು ಉಗುರು, ಐದು ನಮೂನೆ. ತೋರುಬೆರಳು ಬೆಳಕಿಗೆ ಥಳಥಳ ಎಂದಿತು.

ಇಬ್ಬರು ಏಜೆಂಟರೂ ಒಟ್ಟಿಗೇ ಮಾತಾಡಿದರು.

"ನೋಡಿ ಸಾರ್!" ಎಂದರು ನಾಗರಾಜಪ್ಪ. "ಒಂದೇ ಒಂದು ಬೆರಳು ಹೊಳೀತಿದೆ. ಒಂದನೇ ನಂಬರಿಗೆ ಹಾಕಿ ಅಂತ ಬಂದೋರಿಗೆಲ್ಲ ಸನ್ನೆ ಮಾಡ್ತಿದಾನೆ!"

"ಎಂತ ಒಂದು?" ಎಂದರು ರಾಮಚಂದ್ರಪ್ಪ. "ಹೆಬ್ಬೆರಳಿಂದ ಎಣಿಸಿ. ಹೊಳೀತಿರೋದು ಎರಡನೇ ಬೆರಳು. ಅದು ನಿಮ್ಮ ನಂಬರು! ನನ್ನದೂ ಆಕ್ಷೇಪಣೆ ಬರಕಳಿ."

"ಬೆರಳು ಎಣಿಸೋದು ಕಿರುಬೆರಳಿಂದ."

"ನಿಮ್ಮ ಮನೆಲಿ ಇರಬೋದು."

"ಸಾರ್," ಎಂದ ಅಂಜನಪ್ಪ, "ಇದು ಸ್ಯಾಂಪಲ್ಲು."

ಆ ಮಾತು ಪರಿಸ್ಥಿತಿಯನ್ನು ಸುಧಾರಿಸಲಿಲ್ಲ. ಹೆಗಡೆಯವರು ಅಷ್ಟು ಹೊತ್ತೂ ಪುಸ್ತಕದ ಕನ್ನಡ ಆಡುತ್ತಿದ್ದವರು, ಗಾಬರಿಗೆ ಮನೆಮಾತಿಗೆ ಜಾರಿದರು. "ಅಯ್ಯೋ ರಾಮ, ಎಂತ ಮಾಡಕ್ಕು ಈಗ? ಉಗುರಿನ ವಿಷಯ ಈ ಪುಸ್ತಕದಲ್ಲಿ ಎಲ್ಲೂ ಇಲ್ಲೆ!" ಎನ್ನುತ್ತ ನಿಯಮದ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಮಗುಚಿದರು.

ಆಗಲೇ ಬಾಗಿಲಲ್ಲಿ ಕನ್ನಮ್ಮ ಕಾಣಿಸಿಕೊಂಡಳು.

ಆ ಊರಿನ ಹಿರಿಯ ಹೆಂಗಸು. ಅರವತ್ತು ದಾಟಿದ ಗಟ್ಟಿ ಜೀವ, ಸೊಂಟಕ್ಕೆ ಕತ್ತಿ ಸಿಕ್ಕಿಸುವ ಕೊಕ್ಕೆ. ಹೆಂಗಸರು ವೋಟಿಗೆ ಬರುವುದಿಲ್ಲ ಎಂಬುದನ್ನು ಸರ್ಕಾರಕ್ಕೆ ಬಾಯಿಬಿಟ್ಟು ಹೇಳಿ ಹೋಗೋಣ ಎಂದೇ ಬಂದಿದ್ದಳಂತೆ. ಒಳಗೆ ಕಾಲಿಟ್ಟವಳ ಕಣ್ಣು ಮೇಜಿನ ಮೇಲಿನ ಕೈಗೆ ಬಿತ್ತು. ಅಂಜನಪ್ಪ ಬಲಗೈಯಲ್ಲಿ ಶಾಯಿಯ ಕಡ್ಡಿ ಹಿಡಿದುಕೊಂಡು, ಎಡಗೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೂತಿದ್ದ. ಕನ್ನಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು.

"ವೋಟು ಹಾಕಿದೋರಿಗೆ ಇದ ಹಚ್ತೀರಾ?"

ಅಂಜನಪ್ಪನ ತಲೆ ಆಕ್ಷೇಪಣೆಗಳಿಂದ ತುಂಬಿತ್ತು. ಶಾಯಿಯ ವಿಷಯ ಎಂದುಕೊಂಡ. "ಹೌದಮ್ಮ," ಎಂದ. "ಹಾಕಿದೋರಿಗೆಲ್ಲ ಹಚ್ಚೇ ಹಚ್ತೀವಿ. ಕಾನೂನೇ ಹಂಗಿದೆ."

"ಹೆಂಗಸ್ರಿಗೂವಾ?"

"ಎಲ್ಲರಿಗೂ."

ಕನ್ನಮ್ಮ ಬಂದ ಕೆಲಸ ಮರೆತವಳಂತೆ ತಿರುಗಿ ಹೊರಟೇಹೋದಳು.

ಆಕ್ಷೇಪಣೆಗಳನ್ನು ಬರೆದುಕೊಂಡು, ಬೆರಳು ಎಣಿಸುವ ಕ್ರಮದ ಬಗ್ಗೆ ಒಮ್ಮತವಿಲ್ಲ ಎಂದು ಷರಾ ಹಾಕಿ, ಹೆಗಡೆಯವರು ಮಧ್ಯಾಹ್ನದ ಅವಲಕ್ಕಿಗೆ ಕೈಹಾಕಿದ್ದರು. ಹೊರಗೆ ಗದ್ದಲ ಕೇಳಿಸಿತು. ನಾನು ಕಿಟಕಿಯಲ್ಲಿ ಇಣುಕಿದೆ. ಶಾಲೆಯ ಅಂಗಳದಿಂದ ಕಾಲುದಾರಿಯ ತಿರುವಿನವರೆಗೂ ಹೆಂಗಸರ ಸಾಲು. ತಲೆ ಬಾಚಿ, ಹೂವು ಮುಡಿದು, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದಿದ್ದರು. ಎಲ್ಲರ ಕೈಯೂ ತೊಳೆದು ಬೆಳ್ಳಗಾಗಿತ್ತು. ಸಾಲಿನ ಮುಂದೆ ಕನ್ನಮ್ಮ.

ರಾಮಚಂದ್ರಪ್ಪನವರು ಎಣಿಸಿದರು. ನಾಗರಾಜಪ್ಪನವರೂ ಎಣಿಸಿದರು. "ಐವತ್ತೆಂಟು!" ಎಂದು ಇಬ್ಬರೂ ಉಸಿರುಗರೆದರು. ಐವತ್ತೆಂಟೂ ತಮಗೇ ಎಂದು ಇಬ್ಬರ ಮುಖದಲ್ಲೂ ಬರೆದಿತ್ತು.

ಕನ್ನಮ್ಮ ಮೇಜಿನ ಮುಂದೆ ಬಂದು ಕೈ ಚಾಚಿದಳು. ಅಂಜನಪ್ಪ ಶಾಯಿಯ ಕಡ್ಡಿ ಎತ್ತಿದ. ಕನ್ನಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಕಪ್ಪಲ್ಲ. ಕೆಂಪು."

"ಕೆಂಪು ಇಲ್ಲಮ್ಮ, ಇದೇ ಹಚ್ಚೋದು."

"ಆಗ ಹಚ್ತೀನಿ ಅಂದ್ಯಲ್ಲ? ಕಾನೂನು ಅಂದೆ. ಊರೆಲ್ಲ ಹೇಳಿ ಕರ್ಕಂಡು ಬಂದೀನಿ."

ಹೆಗಡೆಯವರು ಅವಲಕ್ಕಿ ಕೆಳಗಿಟ್ಟು ಧಾವಿಸಿದರು. "ಅಮ್ಮಾ, ಆ ಕೆಂಪು ಬಣ್ಣ ಸರ್ಕಾರದ್ದಲ್ಲ."

"ಮತ್ತೆ ಯಾರದ್ದು?"

"ನನ್ನ ಹೆಂಡ್ತಿದು," ಎಂದ ಅಂಜನಪ್ಪ.

ಸಾಲಿನಲ್ಲಿ ಈ ಸುದ್ದಿ ಬಾಯಿಂದ ಬಾಯಿಗೆ ದಾಟಿ ಕಾಲುದಾರಿಯ ತಿರುವಿನವರೆಗೂ ಹೋಯಿತು. ಅಲ್ಲಿಂದ ನಗು ಅಲೆಯಂತೆ ವಾಪಸು ಬಂತು. "ಹೆಂಡ್ತಿ ಬಣ್ಣ ನೀನ್ಯಾಕೆ ಹಚ್ಕಂಡ್ಯೋ ಅಪ್ಪಾ?" ಎಂದು ಯಾರೋ ಕೂಗಿದರು. ಅಂಜನಪ್ಪ ಕಿವಿಯವರೆಗೂ ಉಗುರಿನ ಬಣ್ಣವೇ ಆದ.

ಕನ್ನಮ್ಮ ಮಾತ್ರ ನಗಲಿಲ್ಲ.

"ಹೆಗಡೇರೇ," ಎಂದಳು. "ಆ ನೀರಿನಡಿಗೆ ನಮ್ಮನೆ ಇತ್ತು. ಸರ್ಕಾರದೋರು ಬಂದು ಗೋಡೆ ಮೇಲೆ ಒಂದು ಗುರುತು ಬಳ್ದು ಹೋದ್ರು. ಗುರುತಿನ ಕೆಳಗಿದ್ದಿದ್ದೆಲ್ಲ ಹೋತು. ಮರಕ್ಕೆ ನಂಬರು ಬಳಿದ್ರು, ಮರ ಹೋತು. ಸರ್ಕಾರದೋರು ಬಳ್ದಿದ್ದೆಲ್ಲ ಹೋಗೋಕೇ ಬಳ್ದಿದ್ದು. ಒಂದು ಸಲ ಚಂದಕ್ಕೆ ಬಳೀರಿ ಅಂದ್ರೆ ತಪ್ಪಾ?"

ಹೆಗಡೆಯವರು ಪುಸ್ತಕ ಮಗುಚಲಿಲ್ಲ. ಅಂಜನಪ್ಪ ತಲೆ ತಗ್ಗಿಸಿದ್ದ. ಅಣೆಕಟ್ಟೆಯ ಬಾಗಿಲು, ಮೂರು ಕೋಟು ಎಂದು ಮೂರು ವರ್ಷದಿಂದ ನಮ್ಮ ಕಿವಿ ತಿಂದವನು, ಆ ಬಾಗಿಲಿನ ಈಚೆ ಕಡೆಯ ಜನರನ್ನು ಕಂಡದ್ದು ಅದೇ ಮೊದಲು. ಅವನ ಬಲಗೈ ಮೆಲ್ಲಗೆ ಜೇಬಿಗೆ ಹೋಯಿತು.

"ಸಾರ್," ಎಂದ, "ಹಚ್ತೀನಿ ಅಂತ ನಾನು ಬಾಯಿಬಿಟ್ಟು ಹೇಳಿದ್ದೀನಿ."

"ಅದು ಆಮಿಷ ಆಗ್ತದೆ! ನನ್ನ ಪೆನ್ಷನ್ ಹೋಗ್ತದೆ!"

ಆಗ ಒಂದು ಆಶ್ಚರ್ಯ ನಡೆಯಿತು. ಬೆಳಗಿನಿಂದ ಯಾವ ವಿಷಯದಲ್ಲೂ ಒಪ್ಪದಿದ್ದ ಇಬ್ಬರು ಏಜೆಂಟರು ಪಿಸುಪಿಸು ಮಾತಾಡಿಕೊಂಡು ಒಟ್ಟಿಗೆ ಮುಂದೆ ಬಂದರು. ಹೆಂಗಸರು ಮೊದಲು ಕಪ್ಪು ಶಾಯಿ ಹಚ್ಚಿಸಿಕೊಂಡು ವೋಟು ಹಾಕಲಿ. ಐದು ಗಂಟೆಗೆ ಮತದಾನ ಮುಗಿದ ಮೇಲೆ, ಶಾಲೆಯಿಂದ ನೂರು ಗಜ ಆಚೆ, ವೋಟು ಹಾಕಿದವರಿಗೂ ಹಾಕದವರಿಗೂ ಭೇದವಿಲ್ಲದೆ ಅಂಜನಪ್ಪ ಖಾಸಗಿಯಾಗಿ ಏನು ಬೇಕಾದರೂ ಹಚ್ಚಲಿ. ತಮ್ಮ ಅಡ್ಡಿ ಇಲ್ಲ ಎಂದು ಬರೆದು ಇಬ್ಬರೂ ಸಹಿ ಹಾಕಿದರು. ರಾಮಚಂದ್ರಪ್ಪನವರು ಸಹಿಯ ಕೆಳಗೆ ಒಂದು ಸಾಲು ಸೇರಿಸಿದರು: ಸಾಲಿನ ಹತ್ತನೆಯವಳು ನನ್ನ ಹೆಂಡತಿ, ಬಿಡಬಾರದು.

ಐದಕ್ಕೆ ಬಾಗಿಲು ಮುಚ್ಚಿತು. ಅಂಜನಪ್ಪ ನೂರು ಗಜವನ್ನು ತಾನೇ ಹೆಜ್ಜೆ ಹಾಕಿ ಅಳೆದ. ಅನುಮಾನಕ್ಕೆ ಇರಲಿ ಎಂದು ಹೆಗಡೆಯವರು ಇನ್ನೂ ಇಪ್ಪತ್ತು ಹೆಜ್ಜೆ ಹಾಕಿಸಿದರು. ಅಲ್ಲೊಂದು ಹಲಸಿನ ಮರ. ಅದರ ಕೆಳಗೆ ಐವತ್ತೆಂಟು ಹೆಂಗಸರು ಸಾಲಾಗಿ ಕೂತು ತಲಾ ಒಂದು ಬೆರಳು ಮುಂದಿಟ್ಟರು. ಕನ್ನಮ್ಮ ಕಿರುಬೆರಳು ಕೊಟ್ಟಳು. "ಇದ್ಕೆ ಕೆಲ್ಸ ಕಮ್ಮಿ. ಬಣ್ಣ ಉಳೀತದೆ," ಎಂದಳು.

ನಾವು ಪೆಟ್ಟಿಗೆಗೆ ಮೊಹರು ಹಾಕಿ ಬರುವಷ್ಟರಲ್ಲಿ ಅಂಜನಪ್ಪ ಒಂದು ಸುತ್ತು ಮುಗಿಸಿ ಎರಡನೇ ಸುತ್ತಿನಲ್ಲಿದ್ದ. ನನ್ನನ್ನು ಕಂಡವನೇ ಕೂಗಿದ. "ಮೇಷ್ಟ್ರೇ, ಗೊತ್ತಾತು! ಇವ್ರೆಲ್ಲ ಬೂದಿ ಹಾಕಿ ಕೈ ತೊಳ್ಕಂಡು ಬಂದಿದಾರೆ. ಉಗುರಲ್ಲಿ ಎಣ್ಣೆ ಪಸೆ ಇಲ್ಲ, ಅದ್ಕೇ ಹಿಡೀತಿದೆ! ಸೀಸೆ ಕುಲುಕಬಾರ್ದು, ಅಂಗೈಲಿ ಹೊರಳಿಸಬೇಕು. ಕುಲುಕಿದ್ರೇ ಗುಳ್ಳೆ ಬರೋದು. ತೆಳ್ಳಗೆ ಹಚ್ಬೇಕು, ಒಣಗಿದ ಮೇಲೆ ಇನ್ನೊಂದು. ಪ್ರೈಮರ್ ಬ್ಯಾಡವೇ ಬ್ಯಾಡ!"

ಮೂರನೇ ಸುತ್ತು ಮುಗಿದಾಗ ಬಿಸಿಲು ಹಲಸಿನ ಮರದ ಬುಡಕ್ಕೆ ಬಂದಿತ್ತು. "ಒಣಗೋವರೆಗೂ ಯಾರೂ ಎಂತದೂ ಮುಟ್ಬಾರ್ದು!" ಎಂದು ಅಪ್ಪಣೆ ಮಾಡಿ ಅಂಜನಪ್ಪ ಮುಚ್ಚಳ ತಿರುಗಿಸಿದ. ಸೀಸೆಯ ತಳ ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ವಠಾರಕ್ಕೆ ಬಂದಾಗ ಮಹಾಲಕ್ಷ್ಮೀ ಜಗಲಿಯಲ್ಲೇ ನಿಂತಿದ್ದಳು. ಅಂಜನಪ್ಪ ಚೀಲ ಇಳಿಸುವ ಮೊದಲೇ ಶುರುಮಾಡಿದ. "ಲಕ್ಷ್ಮೀ, ಎಲ್ಲಾ ಗೊತ್ತಾತು ಕಣೆ! ಬೂದಿಲಿ ಕೈ ತೊಳಿ. ಸೀಸೆ ಕುಲುಕಬ್ಯಾಡ, ಹೊರಳಿಸು. ತೆಳ್ಳಗೆ ಮೂರು ಕೋಟು. ಕಲ್ಲಿಗೆ ಉಜ್ಜಿದ್ರೂ ಹೋಗಲ್ಲ!"

"ಹೌದಾ?" ಎಂದು ಅವಳ ಮುಖ ಅರಳಿತು. "ಎಲ್ಲಿ, ಸೀಸೆ ಕೊಡಿ."

ಅಂಜನಪ್ಪ ಸೀಸೆ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಬೋರಲು ಹಿಡಿದು ನೋಡಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಐವತ್ತೆಂಟು ಹೆಂಗಸ್ರು," ಎಂದರು ಇಡೀ ಕಥೆ ಕೇಳಿದ ವರದಮ್ಮ. "ಮನೇಲಿರೋಳು ಐವತ್ತೊಂಬತ್ತನೇಳು ಆಗ್ಲಿಲ್ವಲ್ಲೋ."

ತೀರ್ಥಹಳ್ಳಿಯ ಮದುವೆಗೆ ನನ್ನನ್ನೂ ಕರೆದಿದ್ದರು. ಮಹಾಲಕ್ಷ್ಮೀ ಮದರಂಗಿಯ ಕೈಯಲ್ಲಿ ಹೆಂಗಸರ ಮಧ್ಯೆ ಕೂತಿದ್ದಳು. ಅಂಜನಪ್ಪ ಕೆಂಪು ಉಗುರಿನ ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡು ಗಂಡಸರ ಪಂಕ್ತಿಯಲ್ಲಿ ಕೂತಿದ್ದ. ಪಾಯಸ ಬಡಿಸುತ್ತ ಬಂದ ಮಂಜುನಾಥಪ್ಪನವರು ಎಲೆ ಹಿಡಿದುಕೊಳ್ಳಿ ಎಂದರು. ಹಿಡಿದುಕೊಂಡ. ಸೌಟು ಅಲ್ಲೇ ನಿಂತಿತು. ಅವರು ನನ್ನ ಕಿವಿಯ ಬಳಿ ಬಗ್ಗಿ ಕೇಳಿದರು. "ಅಳಿಯಂದ್ರು ಯಕ್ಷಗಾನದ ಮೇಳ ಸೇರಿದ್ರಾ? ಸ್ತ್ರೀವೇಷವಾ?"

ಉಗುರು ಬೆಳೆದಂತೆ ಬಣ್ಣ ನಿಧಾನವಾಗಿ ಹೋಗತೊಡಗಿತು. ಹೆಂಡತಿಯ ಮೌನ ಅದಕ್ಕಿಂತ ನಿಧಾನ. ಉಪ್ಪು ಬೇಕೇ, ಸಾರು ಬೇಕೇ ಎಂಬಷ್ಟಕ್ಕೆ ಮಾತು ನಿಂತಿತ್ತು. ಶರಾವತಿಗೆ ಕಾಗದ ಬರೆದು ಅಂಜನಪ್ಪ ತರಿಸಿಕೊಟ್ಟ ಹೊಸ ಸೀಸೆ ಕಪಾಟಿನಲ್ಲಿ ಮುಚ್ಚಳ ತೆಗೆಯದೆ ಕೂತಿತ್ತು.

ಯುಗಾದಿಗೆ ನಾಲ್ಕು ದಿನವಿತ್ತು. ನಾನು ಶಾಲೆಯಿಂದ ಬರುವಾಗ ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಜೋನಿಬೆಲ್ಲದ ತಂಬಿಗೆ ಇಟ್ಟುಕೊಂಡು, "ಬಣ್ಣದ ಅಂಜನಪ್ಪನ ಮನೆ ಯಾವ್ದು?" ಎಂದು ಕೇಳುತ್ತಿದ್ದಳು. ಕನ್ನಮ್ಮ. ದೋಣಿ ದಾಟಿ, ಬಸ್ಸು ಹಿಡಿದು, ಹುಡುಕಿಕೊಂಡು ಬಂದಿದ್ದಳು. ನಾನೇ ಕರೆದುಕೊಂಡು ಹೋದೆ.

ಜಗಲಿಯಲ್ಲಿ ಅಂಜನಪ್ಪ ಇದ್ದ. ಕನ್ನಮ್ಮ ಅವನನ್ನು ದಾಟಿ ಒಳಬಾಗಿಲಿಗೆ ಹೋದಳು. "ಬಣ್ಣದ ಯಜಮಾನ್ತಿ ನೀನಾ ತಂಗಿ?" ಎಂದು ಮಹಾಲಕ್ಷ್ಮಿಯ ಕೈಗೆ ತಂಬಿಗೆ ಕೊಟ್ಟಳು. "ನಿನ್ನ ಕೇಳ್ದೆ ಹಚ್ಕಂಡ್ವಿ. ಮದುವೆಗೆ ಇಟ್ಕಂಡಿದ್ದೆ ಅಂತ ಆಮೇಲೆ ಗೊತ್ತಾತು. ತಪ್ಪಾತು. ಐವತ್ತೆಂಟು ಜನದ ಪರವಾಗಿ ಬಂದೀನಿ."

ಕನ್ನಮ್ಮ ಕಿರುಬೆರಳು ತೋರಿಸಿದಳು. ಉಗುರು ಉದ್ದ ಬೆಳೆದಿತ್ತು. ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಇನ್ನೂ ಉಳಿದಿತ್ತು. ಕತ್ತರಿಸಿರಲಿಲ್ಲ.

"ಚಂದ ಆಗಿತ್ತಾ?" ಎಂದಳು ಮಹಾಲಕ್ಷ್ಮೀ, ತಂಬಿಗೆ ಕೆಳಗಿಟ್ಟು.

"ಚಂದ ಹಂಗಿರ್ಲಿ ತಂಗಿ. ನಿನ್ನ ಗಂಡ ಒಣಗೋವರೆಗೂ ಎಂತದೂ ಮುಟ್ಬಾರ್ದು ಅಂದ. ಐವತ್ತೆಂಟು ಜನ ಕೈ ಮುಂದಿಟ್ಕಂಡು ಸುಮ್ನೆ ಕೂತ್ವಿ. ಕೊಟ್ಟಿಗೆಲಿ ದನ ಕೂಗಿದ್ವು, ಗಂಡಸ್ರು ಹೋಗಿ ಹಾಲು ಕರದ್ರು. ಒಲೆ ಅವ್ರೇ ಹಚ್ಚಿದ್ರು. ನಾನು ಮದುವೆ ಆಗಿ ಬಂದ ಮೇಲೆ ಕೈ ಖಾಲಿ ಬಿಟ್ಕಂಡು, ಹೊಳೆ ನೋಡ್ತಾ ಕೂತಿದ್ದು ಅದೊಂದೇ ಸಂಜೆ."

ಮಹಾಲಕ್ಷ್ಮೀ ಒಳಗೆ ಹೋದಳು. ಹೊಸ ಸೀಸೆ ತಂದು ಜಗಲಿಯಲ್ಲಿ ಚಾಪೆ ಹಾಸಿದಳು. ಅಂಜನಪ್ಪ ಲಗುಬಗೆಯಿಂದ ಎದ್ದು "ಕುಲುಕಬ್ಯಾಡ, ಅಂಗೈಲಿ..." ಎನ್ನುವಷ್ಟರಲ್ಲಿ ಇಬ್ಬರೂ ಒಟ್ಟಿಗೆ "ನೀವು ಸುಮ್ನಿರಿ", "ನೀ ಸುಮ್ನಿರಾ" ಎಂದರು. ಅವನು ಸುಮ್ಮನಾದ. ಅವಳು ಸೀಸೆಯನ್ನು ಅಂಗೈಯಲ್ಲಿ ಹೊರಳಿಸಿ, ತೆಳ್ಳಗೆ, ಒಂದು ಎಳೆಯೂ ಆಚೀಚೆ ಆಗದಂತೆ ಕನ್ನಮ್ಮನ ಹತ್ತೂ ಉಗುರಿಗೆ ಹಚ್ಚಿದಳು. ಆಮೇಲೆ ತನ್ನದಕ್ಕೆ. ಎಲೆಯಡಿಕೆ ಕುಟ್ಟುತ್ತಿದ್ದ ವರದಮ್ಮ ಸ್ವಲ್ಪ ಹೊತ್ತು ನೋಡಿದರು, ಕುಟ್ಟಾಣಿ ಪಕ್ಕಕ್ಕಿಟ್ಟರು, ಸೆರಗಿಗೆ ಕೈ ಒರೆಸಿಕೊಂಡು ಯಾರ ಮುಖವನ್ನೂ ನೋಡದೆ ಮುಂದೆ ಚಾಚಿದರು.

ಮೂವರೂ ಗೋಡೆಗೆ ಒರಗಿ, ಕಾಲು ನೀಡಿ, ಕೈ ಮುಂದಿಟ್ಟುಕೊಂಡು ಕೂತರು.

"ಕಾಫಿ ಆಗಿದ್ರೆ ಚೆನ್ನಾಗಿತ್ತು," ಎಂದಳು ಮಹಾಲಕ್ಷ್ಮೀ ಬೀದಿಯನ್ನು ನೋಡುತ್ತ.

ಒಳಗೆ ನಾನೂ ಅಂಜನಪ್ಪನೂ ಕಾಫಿಪುಡಿಯ ಡಬ್ಬಿಗಾಗಿ ಅಡುಗೆಮನೆಯನ್ನು ತಲೆಕೆಳಗು ಮಾಡಿದೆವು. ಮೆಣಸಿನಪುಡಿ ಸಿಕ್ಕಿತು, ಸೀಗೆಪುಡಿ ಸಿಕ್ಕಿತು. ಒಲೆ ಎರಡು ಸಲ ಆರಿತು. ಹೊರಗೆ ಮೂವರು ಹೆಂಗಸರು ಏನನ್ನೋ ಹೇಳಿಕೊಂಡು ನಗುತ್ತಿದ್ದರು. ಆರು ವಾರದ ನಂತರ ಆ ಮನೆಯಲ್ಲಿ ಕೇಳಿಸಿದ ನಗು. ಅಂಜನಪ್ಪ ಊದುಕೊಳವೆ ಹಿಡಿದು ಹೊಗೆಯಲ್ಲಿ ಕೂತವನು ಅದನ್ನು ಕೇಳಿಸಿಕೊಂಡು ಕಣ್ಣು ಒರೆಸಿಕೊಂಡ. ಹೊಗೆಗೇ ಇರಬೇಕು.

ಕಾಫಿ ತಂದಿಟ್ಟೆವು. ಯಾರೂ ಲೋಟ ಮುಟ್ಟಲಿಲ್ಲ.

"ಒಣಗಿಲ್ಲ," ಎಂದಳು ಮಹಾಲಕ್ಷ್ಮೀ.

ನಾನು ವರದಮ್ಮನವರಿಗೂ ಕನ್ನಮ್ಮನಿಗೂ ಲೋಟ ಹಿಡಿದೆ. ಅಂಜನಪ್ಪ ಹೆಂಡತಿಯ ಪಕ್ಕದಲ್ಲಿ ಮೊಣಕಾಲೂರಿ ಕೂತು, ಕಾಫಿಗೆ ಉಫ್ ಉಫ್ ಎಂದು ಊದಿ, ಲೋಟವನ್ನು ಅವಳ ತುಟಿಗೆ ಹಿಡಿದ.

"ಬಿಸಿ ಇದೆ," ಎಂದ. "ನಿಧಾನ."